ಕಲ್ಲಾಂಟಿಯ ಅಕ್ಕ

ನನ್ನ ಓರಗಿತ್ತಿಗೂ ನನಗೂ ಒಂದೇ ಮನೆ, ಎರಡು ಮಹಡಿ. ವಿಜಯನಗರದಲ್ಲಿ ಮಾವನವರು ಕಟ್ಟಿಸಿದ ಮನೆಯ ಕೆಳಭಾಗ ನಮ್ಮದು, ಮೇಲಿನದು ಮೈದುನನ ಸಂಸಾರದ್ದು. ಮೂವತ್ತು ವರ್ಷ ಒಂದೇ ಗೇಟು, ಒಂದೇ ಸಂಪು, ಒಂದೇ ತುಳಸಿಗಿಡ ಹಂಚಿಕೊಂಡು ಬದುಕಿದರೂ ನಾವಿಬ್ಬರೂ ಒಮ್ಮೆಯೂ ಜಗಳವಾಡಿರಲಿಲ್ಲ. ಅದಕ್ಕೆ ನನ್ನ ಒಳ್ಳೆಯತನವೇ ಕಾರಣವೆಂದು ನಾನು ತಿಳಿದಿದ್ದೆ. ನಿಜವಾದ ಕಾರಣ ಬೇರೆ ಇತ್ತು. ಅಲ್ಲಿಯವರೆಗೆ ಅವಳ ಹತ್ತಿರ ನನಗೆ ಬೇಕೆನಿಸುವಂಥದ್ದು ಏನೂ ಇರಲಿಲ್ಲ.

ನಾನು ಓದಿದ್ದು ಭೂವಿಜ್ಞಾನ. ಎಂ.ಎಸ್ಸಿ.ಯಲ್ಲಿ ಇಡೀ ತರಗತಿಗೆ ಮೊದಲಿಗಳು. ಕೊನೆಯ ವರ್ಷ ನಮ್ಮನ್ನು ಮಹಾರಾಷ್ಟ್ರದ ಲೋನಾರ್‌ಗೆ ಕರೆದುಕೊಂಡು ಹೋಗಿದ್ದರು. ಆಕಾಶದಿಂದ ಬಂದ ಒಂದೇ ಒಂದು ಬಂಡೆ ಕರಿಗಲ್ಲಿನ ನೆಲಕ್ಕೆ ಬಡಿದು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಅಗಲದ ಕುಳಿಯನ್ನು ತೋಡಿರುವ ಜಾಗ ಅದು. ಅದರ ಅಂಚಿನಲ್ಲಿ ನಿಂತು ಕೆಳಗಿನ ಹಸಿರು ನೀರನ್ನು ನೋಡುತ್ತಾ, ನನ್ನ ಜೀವನ ಇದಕ್ಕೇ ಎಂದು ನಿರ್ಧರಿಸಿಕೊಂಡಿದ್ದೆ. ಸಂಶೋಧನೆಗೆ ಸೀಟೂ ಸಿಕ್ಕಿತು. ಅದೇ ವರ್ಷ ಮದುವೆಯಾಯಿತು, ಅತ್ತೆಗೆ ಪಾರ್ಶ್ವವಾಯು ಬಡಿಯಿತು, ಮುಂದಿನ ವರ್ಷ ಸೇರಿದರಾಯಿತು ಎಂದುಕೊಂಡೆ. ಮುಂದಿನ ವರ್ಷ ಮೈಸೂರು ರಸ್ತೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಇಪ್ಪತ್ತು ವರ್ಷವಾದ ಮೇಲೆ, ಸೇರುವವರಿಲ್ಲವೆಂದು ಭೂವಿಜ್ಞಾನದ ವಿಭಾಗವನ್ನೇ ಮುಚ್ಚಿದರು. ನಿವೃತ್ತಿಯಾಗುವವರೆಗೂ ಪರಿಸರ ಅಧ್ಯಯನವೆಂಬ, ಯಾರೂ ಕೇಳಿಸಿಕೊಳ್ಳದ ಪಾಠ ಮಾಡಿದೆ. ಯಾರನ್ನೋ ದೂರಲು ಇದನ್ನು ಹೇಳುತ್ತಿಲ್ಲ. ಮುಂದೆ ನಾನು ಮಾಡಿದ ಕೆಲಸ ಎಲ್ಲಿಂದ ಬಂತೆಂದು ತಿಳಿಯಲಿ ಎಂದಷ್ಟೇ.

ಓರಗಿತ್ತಿ ಮಾಗಡಿ ಕಡೆಯವಳು. ಪಿಯುಸಿಯಲ್ಲಿ ಕಾಮರ್ಸ್ ಓದಿ ನಿಲ್ಲಿಸಿದ್ದಳು. ಕೈಯಲ್ಲಿ ರಂಗೋಲಿ ಇತ್ತು, ಬಾಯಲ್ಲಿ ಮಾತಿತ್ತು. ಬೀದಿಯ ಮಕ್ಕಳೆಲ್ಲ ಅವಳ ಸೆರಗು ಹಿಡಿದುಕೊಂಡೇ ಬೆಳೆದವರು.

ಒಂದು ಜನವರಿಯಲ್ಲಿ ಸುದ್ದಿ ಬಂತು. ಹೊಸದಾಗಿ ಕಂಡ ಒಂದು ಕ್ಷುದ್ರಗ್ರಹ ಮುಂದೊಂದು ವರ್ಷ ಭೂಮಿಗೆ ಬಡಿಯುವ ಸಣ್ಣ ಸಾಧ್ಯತೆ ಇದೆಯಂತೆ. ಟೀವಿಯವರು 'ಸಣ್ಣ' ಎಂಬುದನ್ನು ಬಿಟ್ಟು ಉಳಿದದ್ದನ್ನು ಇಡೀ ದಿನ ತೋರಿಸಿದರು. ಮಧ್ಯಾಹ್ನ ಅವಳು ಕೆಳಗಿಳಿದು ಬಂದಳು.

"ಅಕ್ಕ, ಒಂದು ಕಲ್ಲು ಭೂಮಿಗೆ ಬಂದು ಹೊಡೆಯತ್ತಂತಲ್ಲ, ನಿಜನಾ? ಪಕ್ಕದ್ಮನೆ ಮಗು ಎರಡು ದಿನದಿಂದ ಸ್ಕೂಲಿಗೆ ಹೋಗಲ್ಲ ಅಂತ ಅಳ್ತಾ ಇದೆ. ಸಾಯೋದಾದ್ರೆ ಹೋಮ್‌ವರ್ಕ್ ಯಾಕೆ ಅಂತದೆ."

ನಾನು ನಕ್ಕುಬಿಟ್ಟೆ. ಅಂಥ ಲೆಕ್ಕಾಚಾರಗಳು ಮೊದಮೊದಲು ಹಾಗೆಯೇ ಇರುತ್ತವೆ, ಇನ್ನಷ್ಟು ದಿನ ಗಮನಿಸಿದರೆ ಸಾಮಾನ್ಯವಾಗಿ ಅಪಾಯ ಕರಗಿಹೋಗುತ್ತದೆ ಎಂದು ವಿವರಿಸಿದೆ. ಅದು ಹಾಗೆಯೇ ಆಯಿತು ಕೂಡ. ಆದರೆ ಅವಳು ಎದ್ದುಹೋಗಲಿಲ್ಲ. ಕುಳಿ ಎಂದರೇನು ಎಂದಳು. ಅಡುಗೆಮನೆಯ ತಟ್ಟೆಗೆ ರಾಗಿಹಿಟ್ಟು ಸುರಿದು, ಮೇಲಿನಿಂದ ಒಂದು ಗೋಲಿ ಬಿಟ್ಟು ತೋರಿಸಿದೆ. ಹಿಟ್ಟು ಸುತ್ತಲೂ ಚಿಮ್ಮಿತು.

"ಗೋಲಿ ಇಷ್ಟೇ ಇದೆ, ಗುಂಡಿ ಯಾಕೆ ಅಷ್ಟು ದೊಡ್ಡದು?" ಎಂದು ಕೇಳಿದಳು.

"ವೇಗ ಕಣೇ. ನಿಜವಾದ ಕಲ್ಲು ಬರೋ ವೇಗಕ್ಕೆ ಇಲ್ಲಿಂದ ಕೆಂಗೇರಿಗೆ ಒಂದು ಸೆಕೆಂಡೂ ಬೇಡ."

ಅವಳು ಕಣ್ಣರಳಿಸಿ ಕಿಟಕಿಯಾಚೆ ಕೆಂಗೇರಿಯ ದಿಕ್ಕಿಗೆ ನೋಡಿದಳು. ಆಮೇಲೆ, ಡೈನೋಸಾರ್‌ಗಳೆಲ್ಲ ಸತ್ತವಲ್ಲ, ಮೊಸಳೆ ಯಾಕೆ ಉಳಿಯಿತು ಎಂದಳು. ಮೂವತ್ತು ವರ್ಷದ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಅದನ್ನು ಕೇಳಿರಲಿಲ್ಲ. ಅವತ್ತು ನನಗೆ ಖುಷಿಯಾಗಿತ್ತು. ಅದನ್ನೂ ಹೇಳಬೇಕು, ಮೊದಲ ದಿನ ನನಗೆ ಖುಷಿಯೇ ಆಗಿತ್ತು.

ಮರುದಿನ ಸಂಜೆ ಅವಳು ಪೋರ್ಟಿಕೋದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅದೇ ಆಟ ಆಡಿ ತೋರಿಸಿದಳು. ಆದರೆ ತಟ್ಟೆಯಲ್ಲಿ ಬರೀ ರಾಗಿಹಿಟ್ಟಿರಲಿಲ್ಲ. ತಳಕ್ಕೆ ಹಳದಿ ರಂಗೋಲಿ ಪುಡಿ, ಅದರ ಮೇಲೆ ಕೆಂಪು, ಅದರ ಮೇಲೆ ನೀಲಿ, ಎಲ್ಲಕ್ಕೂ ಮೇಲೆ ತೆಳುವಾಗಿ ರಾಗಿಹಿಟ್ಟು. ಗೋಲಿ ಬಿದ್ದಾಗ ಆಳದ ಹಳದಿ ಮೇಲೆ ಚಿಮ್ಮಿ ಸುತ್ತ ಹರಡಿತು. ಕುಳಿಯ ಅಂಚಿನಲ್ಲಿ ಪದರಗಳು ತಲೆಕೆಳಗಾಗಿ ಮಗುಚಿ ಬಿದ್ದವು. ಭೂಮಿಯ ಮೇಲಿನ ನಿಜವಾದ ಕುಳಿಗಳಲ್ಲೂ ಆಗುವುದು ಅದೇ. ನಾನು ಕಪ್ಪುಹಲಗೆಯ ಮೇಲೆ ಅಡ್ಡಛೇದದ ಚಿತ್ರ ಬರೆದು, ಬಾಣದ ಗುರುತು ಹಾಕಿ, ಇಡೀ ಗಂಟೆ ಕೊರೆಯುತ್ತಿದ್ದ ವಿಷಯ. ರಂಗೋಲಿ ಪುಡಿ ನಮ್ಮ ಮನೆಯಲ್ಲೂ ಇತ್ತು. ನನಗೆ ಹೊಳೆದಿರಲಿಲ್ಲ.

ಮಕ್ಕಳು "ಇನ್ನೊಂದ್ಸಲ ಆಂಟಿ, ಇನ್ನೊಂದ್ಸಲ" ಎಂದು ಕೂಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಬಂದೆ, ಒಲೆಯ ಮೇಲಿದ್ದ ಹಾಲು ಉಕ್ಕಿಹೋಗಿತ್ತು.

ಎದುರುಮನೆಯ ಹುಡುಗಿ ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಯೂಟ್ಯೂಬಿಗೆ ಹಾಕೋಣ ಆಂಟಿ ಎಂದಳಂತೆ. ಓರಗಿತ್ತಿ ಕೆಳಗೆ ಬಂದು ನನ್ನನ್ನು ಕೇಳಿದಳು.

"ಇದನ್ನ ಹೇಳ್ಕೊಟ್ಟಿದ್ದು ನೀವು ಅಂತ ನಿಮ್ಮ ಹೆಸರು ಹೇಳ್ಲಾ ಅಕ್ಕ?"

"ಬೇಡ ಕಣೇ. ಹಿಟ್ಟಿನಾಟಕ್ಕೆಲ್ಲ ನನ್ನ ಹೆಸರು ಯಾಕೆ" ಎಂದೆ.

ಆ ಮಾತು ಹೇಳುವಾಗ ನಾನು ಎಷ್ಟು ದೊಡ್ಡವಳೆಂದುಕೊಂಡಿದ್ದೆನೋ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಆ ವಿಡಿಯೋ ವಿಜಯನಗರ ದಾಟಿತು, ರಾಜಾಜಿನಗರ ದಾಟಿತು, ಎಲ್ಲೆಲ್ಲಿಗೋ ಹೋಯಿತು. ನೋಡಿದ ಮಕ್ಕಳು ಅವಳಿಗೆ ಕಲ್ಲಾಂಟಿ ಎಂದು ಹೆಸರಿಟ್ಟರು. ಪ್ರತಿ ಭಾನುವಾರ ಬೆಳಿಗ್ಗೆ ಪೋರ್ಟಿಕೋ ತುಂಬತೊಡಗಿತು. ಪ್ರತಿ ಶುಕ್ರವಾರ ಮಧ್ಯಾಹ್ನ ಅವಳು ನೋಟ್‌ಬುಕ್ ಹಿಡಿದು ನನ್ನ ಮುಂದೆ ಕುಳಿತು ಆ ವಾರದ ಪಾಠ ಹೇಳಿಸಿಕೊಳ್ಳತೊಡಗಿದಳು.

ನಾನು ಕೊಟ್ಟದ್ದು ಅವಳ ಬಾಯಲ್ಲಿ ಬೇರೆಯೇ ಆಗುತ್ತಿತ್ತು. ಇಪ್ಪತ್ತೈದು ಕೋಟಿ ವರ್ಷಗಳ ಹಿಂದಿನ ಮಹಾ ಅಳಿವನ್ನು ನಾನು ವಿವರಿಸಿದ್ದೆ. ಸಮುದ್ರದ ಜೀವಜಾತಿಗಳಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತು ಆಗ ಇಲ್ಲವಾದವು. ಅವಳು ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆ ಮುಟ್ಟಿ ಕೂರಿಸುತ್ತಾ ಹೋದಳು. ಕೊನೆಗೆ ಉಳಿದ ಒಂದು ಪುಟ್ಟ ಹೆಣ್ಣುಮಗು ಸುತ್ತ ನೋಡಿ ಅಳುಮುಖ ಮಾಡಿತು. ಓರಗಿತ್ತಿ ಅದನ್ನು ಎತ್ತಿಕೊಂಡು, "ಇವಳು ಉಳ್ಕೊಂಡಿದ್ದಕ್ಕೇ ನಾವೆಲ್ಲ ಇದೀವಿ. ನಾವೆಲ್ಲ ಇವಳ ಮನೆಯವ್ರು" ಎಂದಳು. ಎಲ್ಲರೂ ಸುಮ್ಮನಾದರು, ನೋಡಲು ನಿಂತಿದ್ದ ದೊಡ್ಡವರು ಕೂಡ. ಅದೇ ಪಾಠಕ್ಕೆ ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ತಲೆಯಿಟ್ಟು ಮಲಗುತ್ತಿದ್ದರು.

ಹೊಟ್ಟೆಕಿಚ್ಚು ಒಂದೇ ದಿನ ಬರುವುದಿಲ್ಲ. ಮೊದಲು ನಾನು ಅವಳ ತಪ್ಪುಗಳನ್ನು ಹುಡುಕತೊಡಗಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಸದ್ದು ತಗ್ಗಿಸಿಕೊಂಡು ಅವಳ ವಿಡಿಯೋಗಳನ್ನು ನೋಡುತ್ತಿದ್ದೆ, ಕೈಯಲ್ಲಿ ಪೆನ್ನು ಹಿಡಿದು. ಒಮ್ಮೆ ಅವಳು ನೆಲಕ್ಕೆ ಬಿದ್ದ ಕಲ್ಲನ್ನು ಉಲ್ಕೆ ಎಂದಳು. ಆಕಾಶದಲ್ಲಿ ಉರಿಯುತ್ತಾ ಹಾಯುವ ಬೆಳಕಿನ ಗೆರೆ ಉಲ್ಕೆ, ನೆಲಕ್ಕೆ ಬಿದ್ದು ಉಳಿದದ್ದು ಉಲ್ಕಾಶಿಲೆ. ಶುಕ್ರವಾರ ಬಂದಾಗ ಸಂಭ್ರಮದಿಂದಲೇ ಅದನ್ನು ಎತ್ತಿ ತೋರಿಸಿದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡು ಬರೆದುಕೊಂಡಳು. ಭಾನುವಾರ ಮಕ್ಕಳ ಮುಂದೆ, "ಹೋದ್ವಾರ ಕಲ್ಲಾಂಟಿ ತಪ್ಪು ಹೇಳ್ಬಿಟ್ಳು, ಯಾರಿಗೆ ಗೊತ್ತಾಯ್ತು?" ಎಂದಳು. ಮಕ್ಕಳು ಚಪ್ಪಾಳೆ ಹೊಡೆದರು. ತಪ್ಪು ಮಾಡಿಯೂ ಚಪ್ಪಾಳೆ ಗಿಟ್ಟಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ತರಕಾರಿ ಅಂಗಡಿಯಲ್ಲಿ ಒಬ್ಬಾಕೆ ನನ್ನನ್ನು ದಿಟ್ಟಿಸಿ ನೋಡಿ, "ಕಲ್ಲಾಂಟಿ ಅವರ ಅಕ್ಕ ಅಲ್ವಾ ನೀವು?" ಎಂದಳು. ಹೌದೆಂದೆ. "ನೀವೂ ಏನಾದ್ರೂ ಓದಿದೀರಾ ಆಂಟಿ?" ಎಂದಳು. ಆರಿಸಿದ್ದ ಬೀನ್ಸನ್ನು ಬುಟ್ಟಿಗೆ ವಾಪಸ್ ಸುರಿದೆ. ಮನೆಗೆ ಬಂದು ಅದನ್ನು ಯಜಮಾನರ ಹತ್ತಿರ ಹೇಳಿಕೊಂಡರೆ ಅವರು ಸಮಾಧಾನ ಮಾಡುವ ಧಾಟಿಯಲ್ಲೇ ಹೇಳಿದರು:

"ಬೇಜಾರ್ ಮಾಡ್ಕೋಬೇಡ ಕಣೇ. ಅವಳು ಹೇಳಿದ್ಮೇಲೆ ನಂಗೂ ಅರ್ಥ ಆಯ್ತು ನೋಡು, ನೀನು ಓದಿದ್ದು ಏನೂಂತ."

ಅದಾದ ಮೇಲೆ ನನ್ನ ಶುಕ್ರವಾರದ ಪಾಠ ಬದಲಾಯಿತು. ಎರಡು ವಿಷಯ ಹೇಳಿ ಮೂರನೆಯದನ್ನು ನುಂಗಿಕೊಳ್ಳುತ್ತಿದ್ದೆ. ಗೊತ್ತಿದ್ದರೂ ಗೊತ್ತಿಲ್ಲ ಎನ್ನುತ್ತಿದ್ದೆ. ಅವಳು ಮೇಲೆ ಹತ್ತಿಹೋಗುವ ಸದ್ದು ಕೇಳಿದಾಗ, ಅಷ್ಟಾದರೂ ನನ್ನ ಹತ್ತಿರ ಉಳಿಯಿತಲ್ಲ ಎನಿಸುತ್ತಿತ್ತು.

ನವೆಂಬರಿನಲ್ಲಿ ಕೆಂಗೇರಿಯಿಂದ ಒಬ್ಬರು ಅವಳನ್ನು ಹುಡುಕಿಕೊಂಡು ಬಂದರು. ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಹಳೆಯ ಊರಿನ ಬೇಸಾಯದ ಮನೆತನ, ಈಗ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು. ಬಟ್ಟೆ ಚೀಲದಿಂದ ತೆಂಗಿನಕಾಯಿ ಗಾತ್ರದ ಕರಿ ಕಲ್ಲೊಂದನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟರು. ಅವರ ಅಜ್ಜಿಯ ಕಾಲದಿಂದ ಮನೆಯ ಹಿಂದಿನ ಹೊಂಗೆಮರದ ಬುಡದಲ್ಲಿತ್ತಂತೆ. ಆಕಾಶದಿಂದ ಬಿದ್ದದ್ದೆಂದು ಅಜ್ಜಿ ಹೇಳುತ್ತಿದ್ದರಂತೆ.

"ನಿಮ್ ವಿಡಿಯೋ ನೋಡ್ದೆ ಮೇಡಂ. ನೀವು ಹೇಳಿದ್ದೆಲ್ಲ ಇದಕ್ಕೆ ಹೊಂದ್ತದೆ. ಕರೀಗಿದೆ, ಭಾರ ಇದೆ, ಮ್ಯಾಗ್ನೆಟ್ಟೂ ಹಿಡಿತದೆ."

ಓರಗಿತ್ತಿ ಅವರನ್ನು ನೇರ ನನ್ನ ಹತ್ತಿರ ಕರೆತಂದಳು. "ಇದೆಲ್ಲ ನಮ್ಮಕ್ಕನೇ ನೋಡ್ಬೇಕು" ಎಂದಳು. ಕಲ್ಲನ್ನು ಕೈಗೆತ್ತಿಕೊಂಡೆ. ಒಂದು ಬದಿ ಒಡೆದಿತ್ತು. ಒಡೆದ ಕಡೆ ಸಣ್ಣ ಸಣ್ಣ ಗುಳ್ಳೆಗಳು, ದೋಸೆಯ ಮೈಯ ಹಾಗೆ. ಒಂದು ಅಂಚಿನಲ್ಲಿ ಜೇನು ಸುರಿದು ಗಟ್ಟಿಯಾದಂತೆ ಹರಿದ ಗುರುತು. ಉಲ್ಕಾಶಿಲೆಯಲ್ಲಿ ಹಾಗೆ ಗುಳ್ಳೆಗಳಿರುವುದು ಬಹಳ ಅಪರೂಪ. ಇದು ಕುಲುಮೆಯ ಕಿಟ್ಟ, ಹಿಂದೆ ಹಳ್ಳಿಗಳಲ್ಲಿ ಅದಿರು ಕಾಯಿಸಿ ಕಬ್ಬಿಣ ತೆಗೆದಾಗ ಉಳಿಯುತ್ತಿದ್ದ ಕಲ್ಮಶದ ಗಟ್ಟಿ. ಮೊದಲ ವರ್ಷದ ವಿದ್ಯಾರ್ಥಿಗೂ ಹೇಳಿಕೊಡುವಂಥ ವಿಷಯ.

"ಉಲ್ಕಾಶಿಲೇನಾ ಅಕ್ಕ?"

ಅವಳ ಮುಖ ನೋಡಿದೆ. ಅದರಲ್ಲಿ ಎಂಥ ಆಸೆ ಇತ್ತೆಂದರೆ, ನಾನು ಲೋನಾರಿನ ಅಂಚಿನಲ್ಲಿ ನಿಂತಿದ್ದಾಗ ನನ್ನ ಮುಖವೂ ಹಾಗೇ ಇದ್ದಿರಬೇಕು. ಅದು ಅವಳಿಗೆ ಯಾಕಿರಬೇಕು ಎನಿಸಿತು.

"ಇರಬಹುದು ಕಣೇ" ಎಂದೆ. "ಅಲ್ಲ ಅನ್ನೋಕೆ ನಂಗೇನೂ ಕಾಣಿಸ್ತಿಲ್ಲ."

ಬಂದವರು ಕೈಮುಗಿದರು. ಓರಗಿತ್ತಿ ನನ್ನ ಭುಜ ಹಿಡಿದು ಅಲುಗಾಡಿಸಿದಳು. ಆ ಕಲ್ಲನ್ನು ಡಿಸೆಂಬರಿನಲ್ಲಿ ಬಸವೇಶ್ವರನಗರದ ಶಾಲೆಯೊಂದರ ವಿಜ್ಞಾನ ಮೇಳದಲ್ಲಿ ಮಕ್ಕಳಿಗೆ ತೋರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಅವಳು ಅಲ್ಲಿಗೆ ಅತಿಥಿ. ಆಹ್ವಾನ ಪತ್ರಿಕೆ ತಂದು ತೋರಿಸಿದಳು. ಅವಳ ಹೆಸರಿನ ಪಕ್ಕದಲ್ಲೇ ಮುಖ್ಯ ಅತಿಥಿಯ ಹೆಸರಿತ್ತು. ಜೀವಮಾನವಿಡೀ ಉಲ್ಕಾಶಿಲೆಗಳ ಮೇಲೆ ಕೆಲಸ ಮಾಡಿ ನಿವೃತ್ತರಾದ ವಿಜ್ಞಾನಿ. ನಾನು ಅವರನ್ನು ಕಂಡಿರಲಿಲ್ಲ, ಅವರು ಬರೆದದ್ದನ್ನು ಓದಿದ್ದೆ. ಅವರ ಕೈಗೆ ಈ ಕಲ್ಲು ಸಿಕ್ಕರೆ ಏನಾಗುವುದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಮೂರು ವಾರ ಸಮಯವಿತ್ತು. ಪ್ರತಿ ಶುಕ್ರವಾರ ಅವಳು ಎದುರು ಬಂದು ಕುಳಿತಾಗ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೇಳದ ದಿನ ಬೀರುವಿನಿಂದ ಒಳ್ಳೆಯ ಮೈಸೂರು ರೇಷ್ಮೆ ತೆಗೆದು ಉಟ್ಟುಕೊಂಡೆ.

ಶಾಲೆಯ ಸಭಾಂಗಣ ತುಂಬಿತ್ತು. ನಾನು ಮೂರನೇ ಸಾಲಿನಲ್ಲಿ ಕುಳಿತೆ. ಓರಗಿತ್ತಿ ಕಲ್ಲನ್ನು ಎತ್ತಿ ಹಿಡಿದು, ನೂರಾರು ಕೋಟಿ ವರ್ಷ ಸೂರ್ಯನ ಸುತ್ತ ಸುತ್ತಿ ಕೊನೆಗೆ ನಮ್ಮ ಕೆಂಗೇರಿಯ ಹೊಂಗೆಮರದ ಕೆಳಗೆ ಬಂದು ಕುಳಿತ ನೆಂಟ ಎಂದು ಪರಿಚಯಿಸಿದಳು. ಮಕ್ಕಳು ಕತ್ತು ಚಾಚಿ ನೋಡಿದರು. ಆಮೇಲೆ ಅವಳೇ ಆ ಹಿರಿಯರ ಮುಂದೆ ಹೋಗಿ, ನೋಡಿ ಸಾರ್ ಎಂದು ಕೈಗಿತ್ತಳು.

ಅವರು ಕನ್ನಡಕ ಏರಿಸಿ ಜೇಬಿನಿಂದ ಲೆನ್ಸ್ ತೆಗೆದರು. ಒಂದು ನಿಮಿಷವೂ ಹಿಡಿಯಲಿಲ್ಲ. ಮೈಕನ್ನು ಕೈಯಿಂದ ಮುಚ್ಚಿ ಅವಳ ಕಡೆ ಬಾಗಿ ಏನೋ ಹೇಳಿದರು. ಒಳ್ಳೆಯ ಮನುಷ್ಯ. ಆದರೆ ಕೈ ಸರಿಯಾಗಿ ಮುಚ್ಚಿರಲಿಲ್ಲ, ಮುಂದಿನ ಸಾಲುಗಳಿಗೆ ಕೇಳಿಸಿತು.

"ಅಮ್ಮ, ಇದು ಉಲ್ಕಾಶಿಲೆ ಅಲ್ಲ. ಕಬ್ಬಿಣದ ಕಿಟ್ಟ."

ಓರಗಿತ್ತಿ ತಲೆಯೆತ್ತಿದಳು. ಅವರನ್ನು ನೋಡಲಿಲ್ಲ, ಮಕ್ಕಳನ್ನೂ ನೋಡಲಿಲ್ಲ. ಮೂರನೇ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ನಾನು ರೇಷ್ಮೆ ಸೆರಗಿನ ಅಂಚನ್ನು ಸರಿಮಾಡಿಕೊಂಡೆ.

ಅವಳು ಅಳುತ್ತಾಳೆ, ಕೆಳಗಿಳಿದು ಬರುತ್ತಾಳೆ ಎಂದು ಕಾದೆ. ಅವಳು ಮೈಕ್ ತೆಗೆದುಕೊಂಡಳು. "ಮಕ್ಕಳೇ, ನಾನು ಹೇಳಿದ್ದು ತಪ್ಪಂತೆ. ಇದು ಆಕಾಶದಿಂದ ಬಿದ್ದಿದ್ದಲ್ವಂತೆ. ಸಾರ್‌ಗೆ ಹೇಗೆ ಗೊತ್ತಾಯ್ತು ಅಂತ ಕೇಳೋಣ್ವಾ?" ಎಂದಳು. ಅವರು ಉತ್ಸಾಹದಿಂದ ಎದ್ದು ನಿಂತು ಗುಳ್ಳೆಗಳನ್ನು ತೋರಿಸಿದರು, ಹಿಂದಿನವರು ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ತೆಗೆಯುತ್ತಿದ್ದ ಬಗೆ ಹೇಳಿದರು. ಮಕ್ಕಳು ಲೆನ್ಸಿನಲ್ಲಿ ನೋಡಲು ಸಾಲುಗಟ್ಟಿದರು. ಆದರೆ ಹಿಂದಿನಿಂದ ಕೆಲವು ದೊಡ್ಡವರು ನಕ್ಕದ್ದೂ ಕೇಳಿಸಿತು. ಒಬ್ಬರು ಫೋನ್ ಎತ್ತಿ ಹಿಡಿದಿದ್ದರು. ಸಂಜೆಯೊಳಗೆ, ಕಲ್ಲಾಂಟಿಯ ಕಲ್ಲು ತಿಪ್ಪೆಯ ಕಲ್ಲು ಎಂದು ಬರೆದ ತುಣುಕೊಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಬಂತು.

ವಾಪಸ್ ಬರುವಾಗ ಆಟೋದಲ್ಲಿ ಕಲ್ಲು ನಮ್ಮಿಬ್ಬರ ನಡುವೆ ಚೀಲದಲ್ಲಿತ್ತು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಎದುರಿಗೇ ನೋಡುತ್ತಾ ಕೇಳಿದಳು.

"ಅಕ್ಕ, ನಿಮ್ಗೆ ಗೊತ್ತಿತ್ತು ಅಲ್ವಾ?"

ಇಲ್ಲ ಎಂದಿದ್ದರೆ ನಂಬುತ್ತಿದ್ದಳೇನೋ. ಯಾಕೋ ಸುಳ್ಳು ಬಾಯಿಗೆ ಬರಲಿಲ್ಲ.

"ಗೊತ್ತಿತ್ತು."

"ಯಾವಾಗಿಂದ?"

"ಕೈಗೆ ತಗೊಂಡ ತಕ್ಷಣ."

ಅವಳು ತಲೆಯಾಡಿಸಿದಳು, ನಾನು ಯಾವುದೋ ಪಾಠದ ಉತ್ತರ ಹೇಳಿದ ಹಾಗೆ. ಮನೆಯ ಗೇಟಿನ ಹತ್ತಿರ, "ನೀವು ನಡೀರಿ, ನಾನು ಹಾಲು ತಗೊಂಡ್ ಬರ್ತೀನಿ" ಎಂದು ಹೊರಟುಹೋದಳು. ಬೆಳಿಗ್ಗೆ ತಂದ ಹಾಲು ಮನೆಯಲ್ಲಿ ಹಾಗೇ ಇತ್ತು, ನನಗೆ ಗೊತ್ತಿತ್ತು.

ಆ ಶುಕ್ರವಾರ ಅವಳು ಕೆಳಗೆ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ತಿಂಡಿ ಆಯ್ತಾ ಅಕ್ಕ" ಎನ್ನುವಳು, ಅಷ್ಟೇ. ಭಾನುವಾರದ ಪಾಠ ನಿಂತಿತು. ಮಕ್ಕಳು ಗೇಟಿನ ಹತ್ತಿರ ಬಂದು ನಿಂತಾಗ, ನಾನೇ ಹೇಳಿಕೊಡ್ತೀನಿ ಬನ್ನಿ ಎಂದು ಕರೆದೆ. ನಾಚಿಕೆಯಾಗುತ್ತದೆ, ಆದರೂ ಕರೆದೆ. ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ ಎನಿಸಿತ್ತು. ಡೈನೋಸಾರ್‌ಗಳ ಅಳಿವಿನ ಬಗ್ಗೆ ಶುರುಮಾಡಿದೆ. ಮೆಕ್ಸಿಕೋದ ಕುಳಿ, ಇರಿಡಿಯಂ ಇರುವ ಜೇಡಿಮಣ್ಣಿನ ತೆಳು ಪದರ, ನಮ್ಮ ದಖ್ಖನಿನ ಲಾವಾ, ಯಾವುದು ಎಷ್ಟು ಕಾರಣ ಎಂಬ ವಾದ. ಒಂದೂ ತಪ್ಪಿರಲಿಲ್ಲ. ಹತ್ತು ನಿಮಿಷಕ್ಕೆ ಒಬ್ಬಳು ಹುಡುಗಿ ಎದ್ದು, "ಆಂಟಿ, ನಾವು ಆಮೇಲ್ ಬರ್ತೀವಿ" ಎಂದಳು. ಎಲ್ಲರೂ ಅವಳ ಹಿಂದೆ ಹೋದರು. ಖಾಲಿ ಪೋರ್ಟಿಕೋದಲ್ಲಿ ನಾನೂ ಚಾಪೆಯೂ ಉಳಿದೆವು. ಅವಳ ಹತ್ತಿರ ಇದ್ದದ್ದು ನಾನು ಕೊಟ್ಟದ್ದಲ್ಲವೆಂಬುದು ಆಗ ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಇನ್ನೂ ಜಾಸ್ತಿಯಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಪಕ್ಕ ಬಟ್ಟೆ ಚೀಲವಿತ್ತು. ಒಳಗೆ ಕಲ್ಲು. ಚೀಟಿ ಗೀಟಿ ಏನೂ ಇರಲಿಲ್ಲ.

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ದೀಪಾಂಜಲಿ ನಗರ ದಾಟುವಷ್ಟರಲ್ಲಿ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಏನು ಹೇಳಬೇಕೆಂದು ಕೆಂಗೇರಿಯವರೆಗೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋದೆ. ಕಲ್ಲು ತಂದಿದ್ದವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಅವರ ತಾಯಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು, ಎಂಬತ್ತು ದಾಟಿದ ಹಣ್ಣು ಮುದುಕಿ. ಮಗ ನನ್ನನ್ನು ಕಂಡು ಎದ್ದು ನಿಂತರು, ಮುಖ ಬಿಗಿಯಾಗಿತ್ತು.

"ಬೀದಿಯವ್ರೆಲ್ಲ ಕೇಳ್ತಾವ್ರೆ ಮೇಡಂ, ಏನ್ ನಿಮ್ಮನೇಲಿ ನಕ್ಷತ್ರ ಬಿದ್ದಿತ್ತಂತಲ್ಲ ಅಂತ. ಆವಮ್ಮ ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ಬೋದಿತ್ತು."

"ಅವಳ ತಪ್ಪಲ್ಲ" ಎಂದೆ. "ಅವತ್ತೇ ನಂಗೆ ಗೊತ್ತಿತ್ತು, ಇದು ಕಿಟ್ಟ ಅಂತ. ನಾನು ಬೇಕಂತ ಸುಳ್ಳು ಹೇಳಿದೆ."

"ಯಾಕ್ ಮೇಡಂ?"

ಮೆಟ್ರೋದಲ್ಲಿ ಸಿದ್ಧಮಾಡಿಕೊಂಡ ಮಾತು ಒಂದೂ ನೆನಪಾಗಲಿಲ್ಲ.

"ಹೊಟ್ಟೆಕಿಚ್ಚಿಗೆ" ಎಂದೆ.

ಆ ಪದವನ್ನು ನನ್ನ ಬಗ್ಗೆ ನಾನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಪರಿಚಯವಿಲ್ಲದವರ ಮುಂದೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು. ಮುದುಕಿ ಕಾಯಿ ಸುಲಿಯುವುದನ್ನು ನಿಲ್ಲಿಸಿ ಚೀಲವನ್ನು ಎಳೆದುಕೊಂಡು ಕಲ್ಲನ್ನು ಸವರಿದರು.

"ಕಿಟ್ಟ ಕಣಪ್ಪ ಇದು, ಯಾಕ್ ನಂಗ್ ಕೇಳ್ಲಿಲ್ಲ ನೀನು? ಕೆರೆ ಕಡೆ ಹೊಲ ಉಳ್ವಾಗ ಮಂಕ್ರಿಗಟ್ಲೆ ಸಿಕ್ತಿತ್ತು. ಇದೊಂದು ದೊಡ್ದು ಅಂತ ನಮ್ಮತ್ತೆ ತಂದಿಟ್ಟಿದ್ರು. ಆಕಾಶದ್ ಕತೆ ನಿಂಗ್ ಉಣ್ಸಕ್ಕೆ ಹೇಳ್ತಿದ್ದಿದ್ದು" ಎಂದು ಮಗನನ್ನು ಗದರಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅವ್ಳು ನಿಂಗೇನಾಗ್ಬೇಕು?"

"ಓರಗಿತ್ತಿ."

"ಈಗ ಹೇಳಿದ್ಯಲ್ಲ, ಅದನ್ನ ಅವ್ಳಿಗೆ ಹೇಳಿದ್ಯಾ?"

"ಇಲ್ಲ ಅಮ್ಮ."

"ಮತ್ತೆ ಮೊದ್ಲು ಇಲ್ಲಿಗ್ಯಾಕ್ ಬಂದೆ?"

ಮುದುಕಿ ಮತ್ತೆ ಅವರೆಕಾಯಿಗೆ ಕೈಹಾಕಿದರು.

ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ಮೇಲೆ ಹತ್ತಿದೆ. ಇಷ್ಟು ವರ್ಷ ಅವಳೇ ಇಳಿದು ಬರುತ್ತಿದ್ದದ್ದು. ನಾನು ಮೇಲೆ ಹೋಗುತ್ತಿದ್ದದ್ದು ಗೌರಿಹಬ್ಬಕ್ಕೆ, ಇಲ್ಲವೇ ಮೈದುನನಿಗೆ ಜ್ವರ ಬಂದಾಗ. ಅವಳು ಬಟ್ಟೆ ಮಡಚುತ್ತಿದ್ದಳು. ಕೂತ್ಕೊಳ್ಳಿ ಎನ್ನಲಿಲ್ಲ. ನಿಂತೇ ಹೇಳಿದೆ. ತರಕಾರಿ ಅಂಗಡಿ, ಶುಕ್ರವಾರ ನುಂಗಿಕೊಂಡ ಪಾಠಗಳು, ರೇಷ್ಮೆ ಸೀರೆ, ಕೆಂಗೇರಿ, ಎಲ್ಲ. ಅವಳು ಮಡಚಿದ ಟವೆಲನ್ನೇ ಮತ್ತೆ ಬಿಡಿಸಿ ಮತ್ತೆ ಮಡಚಿದಳು.

"ನಿಮ್ಮ ಹೆಸರು ಹೇಳ್ತೀನಿ ಅಂತ ಕೇಳಿದ್ದೆ. ಬೇಡ ಅಂದಿದ್ದು ನೀವು."

"ಹೌದು."

"ನಾನು ಈ ಮನೆಗೆ ಬಂದಾಗ, ಯಾರೇ ಬಂದ್ರೂ ಅತ್ತೆ ಮಲಗಿದ್ದಲ್ಲಿಂದ್ಲೇ 'ನಮ್ಮ ದೊಡ್ಡ ಸೊಸೆ ಎಂ.ಎಸ್ಸಿ' ಅಂತಿದ್ರು. ನಾನು ಕಾಫಿ ಲೋಟ ಹಿಡ್ಕೊಂಡು ಅಲ್ಲೇ ನಿಂತಿರ್ತಿದ್ದೆ. ನನ್ನ ಬಗ್ಗೆ ಒಂದು ಮಾತಿಲ್ಲ. ನಂಗೂ ಹೊಟ್ಟೆ ಉರೀತಿತ್ತು ಅಕ್ಕ. ಎಷ್ಟೋ ವರ್ಷ ಉರೀತಿತ್ತು." ಅವಳ ದನಿ ಏರಲಿಲ್ಲ. "ಆದ್ರೆ ನಾನು ನಿಮ್ಮನ್ನ ಬೀಳಿಸ್ಲಿಲ್ಲ."

ತಪ್ಪಾಯಿತು ಎಂದೆ. ಅವಳು ಹೂಂ ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕಾಫಿ ಮಾಡಿಕೊಟ್ಟಳು. ಕುಡಿದು ಕೆಳಗೆ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಭಾನುವಾರದ ಪಾಠ ಮತ್ತೆ ಶುರುವಾಯಿತು. ಮೊದಲ ದಿನ ಬಂದ ಮಕ್ಕಳು ಏಳೆಂಟು ಮಂದಿ. ಈಗ ಪೋರ್ಟಿಕೋ ಮತ್ತೆ ತುಂಬುತ್ತದೆ. ಅವಳು ಶುಕ್ರವಾರ ಕೆಳಗೂ ಬರುತ್ತಾಳೆ, ನೋಟ್‌ಬುಕ್ ಬಿಡಿಸಿಕೊಂಡು ಕೇಳುತ್ತಾಳೆ. ಈಗ ನಾನು ಏನನ್ನೂ ನುಂಗಿಕೊಳ್ಳುವುದಿಲ್ಲ. ಗೊತ್ತಿರುವುದನ್ನೆಲ್ಲ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಹುಡುಕಿಟ್ಟುಕೊಂಡಿರುತ್ತೇನೆ. ಅವಳು ಎಲ್ಲವನ್ನೂ ಬರೆದುಕೊಂಡು, ಪ್ರತಿಯೊಂದರ ಪಕ್ಕದಲ್ಲೂ ಸಣ್ಣದೊಂದು ಚುಕ್ಕೆ ಇಡುತ್ತಾಳೆ. ಮೊದಲು ಹಾಗೆ ಇಡುತ್ತಿರಲಿಲ್ಲ.

ಆ ಚುಕ್ಕೆ ಏನೆಂದು ಹೋದ ವಾರ ತಿಳಿಯಿತು. ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ನಾನೂ ಪಾಠ ಕೇಳುತ್ತಿದ್ದೆ. ಚಂದ್ರನ ಮೇಲೆ ಅಷ್ಟೊಂದು ಕುಳಿಗಳಿದ್ದು ಭೂಮಿಯ ಮೇಲೆ ಯಾಕಿಲ್ಲ ಎಂದು ಒಂದು ಮಗು ಕೇಳಿತು. ಮಳೆ, ಗಾಳಿ, ನೆಲದ ಚಲನೆ ಎಲ್ಲ ಸೇರಿ ನಮ್ಮ ಗಾಯಗಳನ್ನು ಅಳಿಸಿಬಿಡುತ್ತವೆ, ಚಂದ್ರನಿಗೆ ಆ ಭಾಗ್ಯವಿಲ್ಲ ಎಂದು ಅವಳು ಚೆನ್ನಾಗಿ ಹೇಳಿದಳು. ನಾನು ಹೇಳಿಕೊಟ್ಟದ್ದೇ.

"ಇದನ್ನ ಹೇಳಿಕೊಟ್ಟಿದ್ದು ನಮ್ಮಕ್ಕ" ಎಂದು ನನ್ನ ಕಡೆ ಕೈತೋರಿಸಿದಳು. ಮಕ್ಕಳೆಲ್ಲ ತಿರುಗಿ ನೋಡಿದರು. ಅವಳು ಮುಂದುವರಿಸಿದಳು, "ಸರಿನಾ ಅಂತ ಆ ಶಾಲೆಗೆ ಬಂದಿದ್ರಲ್ಲ, ಆ ಸಾರ್‌ಗೂ ಫೋನ್ ಮಾಡಿ ಕೇಳ್ಕೊಂಡೆ. ಸರಿ ಅಂದ್ರು."

ಮಕ್ಕಳು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆ ಹಿರಿಯರ ಫೋನ್ ನಂಬರು ಅವಳ ಹತ್ತಿರ ಇದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಅದೇ ಯೋಚನೆ. ಎಷ್ಟು ಸಲ ಮಾತಾಡಿರಬಹುದು, ಏನೇನು ಕೇಳಿರಬಹುದು, ಅವರು ಅವಳನ್ನು ಏನೆಂದು ಕರೆಯುತ್ತಾರೆ. ಯಜಮಾನರು ಸಾರಿಗೆ ಉಪ್ಪು ಕಡಿಮೆ ಎಂದರು. ನನಗೆ ಗೊತ್ತಾಗಿರಲಿಲ್ಲ.